ಒಂದ್ಮಾತಿನ ಕಣಿವೆ

ಕೆಂಗಲ್ಲೂರಿನಿಂದ ಪಡುವಲಿಗೆ ಒಂದು ಹರಿದಾರಿ ನಡೆದರೆ ಎರಡು ಬೋಳು ಗುಡ್ಡಗಳು ಎದುರುಬದುರಾಗಿ ನಿಂತು, ನಡುವೆ ಬಂಡಿ ಹಾಯುವಷ್ಟು ದಾರಿ ಬಿಟ್ಟಿವೆ. ಅಲ್ಲಿ ನಾಲ್ಕು ಕಂಬದ ಕಲ್ಲುಮಂಟಪವಿದೆ, ಅದರೊಳಗೆ ಅಂಚು ಮುರಿದ ಕಲ್ಲುಬಾನಿ. ಡಾಂಬರು ರಸ್ತೆ ಗುಡ್ಡದ ಆಚೆ ಮಗ್ಗುಲಿಗೆ ಹೋದ ಮೇಲೆ ಕುರಿ ಕಾಯುವವರನ್ನು ಬಿಟ್ಟರೆ ಇಲ್ಲಿ ನಡೆಯುವವರು ಕಡಿಮೆ. ಸರ್ಕಾರದ ನಕಾಶೆಯಲ್ಲಿ ಈ ಜಾಗಕ್ಕೆ ಹೆಸರಿಲ್ಲ. ಊರವರು ಮಾತ್ರ ಒಂದ್ಮಾತಿನ ಕಣಿವೆ ಎನ್ನುತ್ತಾರೆ. ಕೊಟ್ಟ ಮಾತಿಗೆ ತಪ್ಪದ ಯಾವನೋ ವೀರನ ನೆನಪಿರಬೇಕೆಂದು ಹೊರಗಿನವರು ಊಹಿಸುವುದುಂಟು. ಹಾಗಲ್ಲ. ಈ ಹೆಸರು ಬಂದದ್ದು ದಾರಿಹೋಕರಿಗೆ ನೀರು ಕೊಡುತ್ತಿದ್ದ ಒಬ್ಬ ಹೆಂಗಸಿನಿಂದ.

ಹಿಂದೆ ಒಮ್ಮೆ, ಕರಾವಳಿಯ ಉಪ್ಪು ಎತ್ತಿನ ಬೆನ್ನೇರಿ ಘಟ್ಟ ಹತ್ತಿ ಬರುತ್ತಿದ್ದ ಕಾಲದಲ್ಲಿ, ಕೆಂಗಲ್ಲೂರಿನಲ್ಲಿ ಹಂಪವ್ವ ಎಂಬವಳಿದ್ದಳು. ಗಂಡ ದುರುಗಪ್ಪ ಎತ್ತುಗಳ ಮೇಲೆ ಸರಕು ಹೇರಿ ಊರೂರು ತಿರುಗುವವನು. ಮದುವೆಯಾದ ಎರಡನೆಯ ವರ್ಷ ಅವನು ಉಪ್ಪಿಗೆಂದು ಹೊರಟಾಗ ಅವಳು ಈ ಕಣಿವೆಯ ತನಕ ಬಂದು ಕಳುಹಿಸಿದಳು. "ದೀವಳಿಗಿಗೆ ಬರ್ತೀನಿ. ಇಲ್ಲೇ ನೀರು ಹಿಡ್ಕೊಂಡು ನಿಂತಿರು," ಎಂದು ಅವನು ನಗುತ್ತ ಹೋದ. ದಾರಿಯಲ್ಲಿ ಯಾರೋ ಪರವೂರಿನವರ ಎತ್ತಿನ ಹಿಂಡು ಸೇರಿಕೊಂಡನೆಂಬ ಸುದ್ದಿ ಬಂತು. ಆಮೇಲೆ ಅದೂ ಇಲ್ಲ. ಹಂಪವ್ವ ದೀಪಾವಳಿಯ ದಿನ ಕೊಡ ಹೊತ್ತು ಬಂದು ಕಾದಳು, ಮರುದಿನವೂ ಬಂದಳು. ಅತ್ತೆಮಾವಂದಿರು ತೀರಿಕೊಂಡು ಮೈದುನರು ಬೇರೆಯಾದ ಮೇಲೆ ಮಂಟಪದ ಮಗ್ಗುಲಲ್ಲೇ ಗುಡಿಸಲು ಹಾಕಿ, ಗುಡ್ಡದ ಬುಡದ ಒರತೆಯಿಂದ ನೀರು ತಂದು ಬಾನಿ ತುಂಬತೊಡಗಿದಳು.

ನೀರು ಕುಡಿದವರನ್ನೆಲ್ಲ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು. ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. "ಯಣ್ಣಾ, ನಮ್ಮನಿಯವ್ರನ್ನ ಎಲ್ಲರೆ ಕಂಡ್ರೇನು? ಎಡಗಿವಿ ಹರಿದೈತಿ, ನಡುವಿಗೆ ಕೆಂಪು ಉಣ್ಣಿ ದಾರ." ಕಂಡವರಿಲ್ಲ. ಆದರೆ ಆ ಮುಖ ನೋಡಿ ಬರಿದೇ 'ಇಲ್ಲ' ಎಂದು ಎದ್ದುಹೋಗಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಅವನ ಸುದ್ದಿ ಗೊತ್ತಿಲ್ಲವ್ವಾ ಎಂದು ಶುರುಮಾಡಿ, ಗೊತ್ತಿದ್ದ ಬೇರೆ ಏನನ್ನಾದರೂ ಹೇಳಿ ಹೋಗುತ್ತಿದ್ದರು. ಕಡಲಿನ ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ ಎಂದು ಒಬ್ಬ. ಬಾವಲಿ ಹಾರಿದರೂ ಮೊಟ್ಟೆಯಿಡದು, ಮರಿಗೆ ಹಾಲೂಡುತ್ತದೆ ಎಂದು ಇನ್ನೊಬ್ಬ. ಮೆಣಸು ಬಿಡುವುದು ಮರದಲ್ಲಲ್ಲ, ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಎಂದು ಮತ್ತೊಬ್ಬ. ಹಂಪವ್ವ ಕೇಳಿದ್ದನ್ನು ಮುಂದೆ ಬಂದವರಿಗೆ ಹೇಳುವಳು, ರಾತ್ರಿ ಒಲೆಯ ಮುಂದೆ ಕೂತು ಅಂದಿನ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವಳ ಜೊತೆಗೆ ಮಾತಾಡಲು ಆ ಗುಡಿಸಲಿನಲ್ಲಿ ಬೇರೆ ಯಾರೂ ಇರಲಿಲ್ಲ. ವರ್ಷ ಹದಿನೆಂಟು ಹೀಗೆ ಕಳೆಯಿತೆನ್ನುತ್ತಾರೆ.

ಒಂದು ಬೇಸಿಗೆಯ ಮುಂಜಾನೆ ಗುಡ್ಡದ ಮೇಲೆ ಆಗ ಕಟ್ಟುತ್ತಿದ್ದ ಕೋಟೆಯ ಕಾವಲಿನವರು ಕೈಕಟ್ಟಿದ ಒಬ್ಬ ತರುಣನನ್ನು ಎಳೆದುಕೊಂಡು ಬಂದರು. ಅವರ ದಳವಾಯಿ ಗಿಡ್ಡನಾಯಕ ಹಂಪವ್ವನಿಗೆ ಪರಿಚಿತ, ಅವಳ ಊರಿನವನೇ. "ಬೇಹಿನವ ಸಿಕ್ಕಾನ, ಹಂಪಕ್ಕ. ಅಮ್ಮನ್ನ ಹುಡುಕ್ಕೊಂಡು ಕೋಟಿಗೆ ಬಂದೆ ಅಂತಾನ. ಕೋಟ್ಯಾಗ ಒಂದು ಹೆಣ್ಣುನೊಣ ಇಲ್ಲ. ಪಟ್ಟಣಕ್ಕ ಒಯ್ದರ ಇವತ್ತ ತಲಿ ಹೋಗ್ತೈತಿ," ಎಂದ. ತರುಣ ಬಾನಿಯ ಕಡೆ ನೋಡುತ್ತ "ಅಮ್ಮೆ, ಅಮ್ಮೆ" ಎಂದು ಬಡಬಡಿಸುತ್ತಿದ್ದ.

ಹಂಪವ್ವನ ಕೈಯ ತಂಬಿಗೆ ಅಲ್ಲೇ ನಿಂತಿತು. ಎಷ್ಟೋ ವರ್ಷದ ಹಿಂದೆ ತುಳುನಾಡಿನ ಉಪ್ಪಿನವನೊಬ್ಬ ಹೇಳಿದ ಮಾತು ನೆನಪಾಯಿತು. ಅದಕ್ಕೆ ಅವಳು ಅಪರೂಪಕ್ಕೆ ನಕ್ಕಿದ್ದಳು. "ತಡೀರಿ, ನಾಯಕರೇ. ಇವರ ಸೀಮ್ಯಾಗ ಅಪ್ಪೆ ಅಂದ್ರ ತಾಯಿ, ಅಮ್ಮೆ ಅಂದ್ರ ತಂದಿ. ಇವ ಹುಡುಕಾಕ್ಹತ್ತಿದ್ದು ಅವರಪ್ಪನ್ನ." ಗಿಡ್ಡನಾಯಕ ನಂಬಲಿಲ್ಲ. ಅವಳು ತರುಣನ ಎದುರು ಕೂತು "ಅಪ್ಪೆ?" ಎಂದಳು. ಅವನು ಪಡುವಲಿನ ಕಡೆ ತಲೆಯಾಡಿಸಿ ಕಣ್ಣು ತುಂಬಿಕೊಂಡ. "ಅಮ್ಮೆ?" ಎಂದಾಗ ಕೋಟೆಯತ್ತ ತಿರುಗಿ, ಕಟ್ಟಿದ ಕೈಯಲ್ಲೇ ಉಳಿಯ ಮೇಲೆ ಸುತ್ತಿಗೆ ಹೊಡೆದಂತೆ ಮಾಡಿ ತೋರಿಸಿದ.

ಗಿಡ್ಡನಾಯಕ ಒಬ್ಬನನ್ನು ಕೋಟೆಯ ಕಲ್ಲುಕುಟಿಗರ ಬಳಿಗೆ ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಕಲ್ಲುಪುಡಿಯ ಮುದುಕನೊಬ್ಬ ಏದುಸಿರು ಬಿಡುತ್ತ ಇಳಿದು ಬಂದ. ಬಿರ್ಮಣನೆಂಬ ಆ ಕಲ್ಲುಕುಟಿಗ ಹೆಂಡತಿ ಮಗನನ್ನು ಊರಲ್ಲಿ ಬಿಟ್ಟು, ಘಟ್ಟದ ಮೇಲೆ ಊರಿಂದೂರಿಗೆ ಕೆಲಸ ಹುಡುಕುತ್ತ ಹದಿನೆಂಟು ವರ್ಷ ಕಳೆದು, ಗುಡ್ಡದ ಆಚೆ ಮಗ್ಗುಲಿನಿಂದ ಈ ಕೋಟೆಯ ಕೆಲಸಕ್ಕೆ ಹೊಸದಾಗಿ ಬಂದಿದ್ದ. ತಾಯಿ ತೀರಿಕೊಂಡ ಸುದ್ದಿ ಹೇಳಲು ಬಂದವನು ಅವನ ಮಗ ಐತ. ಕಟ್ಟು ಬಿಚ್ಚಿದೊಡನೆ ಇಬ್ಬರೂ ತಬ್ಬಿಕೊಂಡು ಗೋಳೋ ಎಂದು ಅತ್ತರು.

ಬಿರ್ಮಣ ಹಂಪವ್ವನ ಕಾಲು ಮುಟ್ಟಿ, "ಅವ್ವಾ, ಏನು ಕೊಡಲಿ?" ಎಂದು ಕೇಳಿದ. ಅವಳು ಎಲ್ಲರನ್ನೂ ಕೇಳುತ್ತಿದ್ದುದನ್ನೇ ಅವನನ್ನೂ ಕೇಳಿದಳು. ಹರಿದ ಎಡಗಿವಿ, ಕೆಂಪು ದಾರ. ಮುದುಕ ಹೇಳಿದ: "ನಾನು ಮೊದಲ ಸಲ ಘಟ್ಟ ಹತ್ತುವಾಗ ಹೊಳೆಯ ದಂಡೆಯಲ್ಲಿ ಅಂಥವನೊಬ್ಬ ಜ್ವರದಲ್ಲಿ ಬಿದ್ದಿದ್ದ. ಜೊತೆಯವರು ಬಿಟ್ಟುಹೋಗಿದ್ದರು. ಎರಡು ದಿನ ಕೂತು ಗಂಜಿ ಕುಡಿಸಿದೆ, ಉಳಿಯಲಿಲ್ಲ. ಆಗ ನನಗೆ ನಿಮ್ಮ ಮಾತು ಒಂದಕ್ಷರ ಬಾರದು. ಅವನು ಕೊನೆತನಕ ಒಂದೇ ಹೆಸರು ಹೇಳುತ್ತಿದ್ದ. ಅವನ ಕುಲದ ದೇವಿ ಇರಬೇಕೆಂದು, ನಾನೂ ಆ ಹೆಸರು ಹೇಳಿಯೇ ಮಣ್ಣು ಹಾಕಿದೆ."

"ಯಾವ ಹೆಸರು?"

"ಹಂಪವ್ವ."

ಗಿಡ್ಡನಾಯಕ ಮುಖ ತಿರುಗಿಸಿಕೊಂಡ. ಅದು ತನ್ನ ಹೆಸರೆಂದು ಅವಳು ಮುದುಕನಿಗೆ ಹೇಳಲಿಲ್ಲ. ತಂದೆ ಮಗ ಇಬ್ಬರಿಗೂ ಬೊಗಸೆ ತುಂಬ ನೀರು ಹೊಯ್ದು, ಬಿಸಿಲಿಳಿದ ಮೇಲೆ ಹೊರಡಿರಿ ಎಂದಳಷ್ಟೇ. ಕೇಳಿದ ಮಾತನ್ನೆಲ್ಲ ಮುಂದಿನವರಿಗೆ ದಾಟಿಸುತ್ತಿದ್ದವಳು ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಮಗೆ ಇದು ತಿಳಿದದ್ದು ಗಿಡ್ಡನಾಯಕನ ಮನೆಯವರಿಂದ. ಮೈದುನರು ಊರಿಗೆ ಬಾ ಎಂದು ಕರೆದರೂ ಅವಳು ಹೋಗಲಿಲ್ಲ. ಮತ್ತೂ ಇಪ್ಪತ್ತು ವರ್ಷ ನೀರು ಕೊಟ್ಟಳು. ಹಳೆಯ ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ದಳು. ಕುಡಿದು ಏಳುವವರಿಗೆ, "ಒಂದ್ಮಾತು ಹೇಳಿ ಹೋಗ್ರಿ," ಎನ್ನುತ್ತಿದ್ದಳು. ಕಣಿವೆಗೆ ಹೆಸರು ನಿಂತದ್ದು ಆಗ.

ಈಗಲೂ ಇಲ್ಲಿ ಹಾದುಹೋಗುವವರು ಮಂಟಪದ ಮುಂದೆ ನಿಂತು, ತಮಗೆ ಗೊತ್ತಿರುವ ಏನಾದರೊಂದನ್ನು ಗಟ್ಟಿಯಾಗಿ ಹೇಳುತ್ತಾರೆ. ಕೆಲವರು ನಗುತ್ತ ಹೇಳುತ್ತಾರೆ, ಕೆಲವರು ಸುತ್ತ ನೋಡಿ ಮೆಲ್ಲಗೆ. ಮಂಟಪದ ಹಿಂಬದಿಯಲ್ಲಿ, ಒಬ್ಬರಷ್ಟೇ ಕೂರಬಹುದಾದ ಒಂದು ಚಪ್ಪಡಿ ಸವೆದು ನುಣುಪಾಗಿದೆ. ಹಂಪವ್ವ ಸಂಜೆ ಅಲ್ಲಿ ಕೂರುತ್ತಿದ್ದಳು ಎನ್ನುತ್ತಾರೆ. ಅಲ್ಲಿ ಕೂತರೆ ಊರು ಕಾಣುವುದಿಲ್ಲ. ಘಟ್ಟದ ಕಡೆಗೆ ಇಳಿದುಹೋಗುವ ಬರಿದಾದ ಎತ್ತಿನ ಹಾದಿ ಕಾಣುತ್ತದೆ.