ಮುಟ್ಟಿತೇನು?

"ಬರೇ ಹೇಳಿ ಕಳಸಬ್ಯಾಡ್ರಿ, ಮುಟ್ಟಿತೇನು ಅಂತ ಕೇಳ್ರಿ." ನನ್ನ ಹೆಂಡತಿ ಸಾಯುವ ಮುಂಚೆ ಆಡಿದ ಕಡೇ ಮಾತು ಅದು.

ನಾನು ಕಾಲೇಜಿನ ಜವಾನ. ಕಂಪ್ಯೂಟರ್ ಕೋಣೆಯ ಕೇಬಲ್‌ಗಳೆಲ್ಲ ಪ್ರಿನ್ಸಿಪಾಲರ ಮನೆ ಸೇರಿದ್ದವು. ಕಂಪ್ಯೂಟರ್ ಮಾಸ್ತರರು ರಜೆ ಹಾಕಿದ್ದರು. ತಪಾಸಣೆಯ ದಿನ ಪ್ರಿನ್ಸಿಪಾಲರು ನನಗೆ, "ಕೇಬಲ್ ಇಲ್ದ ನೆಟ್‌ವರ್ಕ್ ಪಾಠ ನಡಸು. ಬಾಯಿ ಬಿಟ್ಟಿ ಅಂದ್ರ ನೌಕರಿ ಹೋತು," ಅಂದರು.

ಬಾಯಿ ಬಿಡಲಿಲ್ಲ. ಹುಡುಗರನ್ನು ಸಾಲಾಗಿ ಕೂರಿಸಿದೆ. ಸಾಲಿನ ಕಡೇ ಕುರ್ಚಿಯಲ್ಲಿ ಪ್ರಿನ್ಸಿಪಾಲರು ಕೂತರು. ತಪಾಸಣೆಗೆ ಬಂದ ಸಾಹೇಬರಿಗೆ, "ಇವರೇ ಕಂಪ್ಯೂಟರ್‌ರೀ. ಚೀಟಿ ಬರದು ಯಾರಿಗೆ ಅಂತ ಹೆಸರು ಹಾಕ್ರಿ. ಕೈಯಿಂದ ಕೈಗೆ ಹೋಗಿ ಮುಟ್ತದ. ಮುಟ್ಟಿದವರು ಉತ್ತರ ಕಳಸಬೇಕು," ಅಂದೆ.

ಸಾಹೇಬರು ಬರೆದರು: "ಪ್ರಿನ್ಸಿಪಾಲರಿಗೆ. ಕೇಬಲ್ ಎಲ್ಲಿ?"

ಚೀಟಿ ಮುಟ್ಟಿತು. ಪ್ರಿನ್ಸಿಪಾಲರು ಓದಿ ಜೇಬಿಗೆ ಇಟ್ಟುಕೊಂಡರು. ಹುಡುಗರು ಉತ್ತರಕ್ಕೆ ಕೈ ಚಾಚಿಕೊಂಡೇ ಕೂತರು.

"ನೆಟ್‌ವರ್ಕ್ ಚಲೋ ಅದ," ಅಂದರು ಸಾಹೇಬರು. "ಕಡೇ ಕಂಪ್ಯೂಟರ್ ಕೆಟ್ಟದ."

ಮರುದಿನ ಬೆಳಿಗ್ಗೆ ಹೆಂಡತಿಯ ಫೋಟೋ ಮುಂದೆ ಅವಳ ಕಪ್ಪಿಗೂ ಚಹಾ ಸುರಿದು, ನಡೆದದ್ದನ್ನೆಲ್ಲ ಹೇಳಿದೆ. ಮುಟ್ಟಿತೇನು ಅಂತ ಕೇಳಿದೆ.