ಶಾನಭಾಗರ ವಾಚು ಹೇಳಿದ್ದು

ಕಾಳಿ ನದಿಯ ಈಜು ಸ್ಪರ್ಧೆಯಲ್ಲಿ ನಡುನೀರಿನ ಕೆಂಪು ಬಾವುಟ ಸುತ್ತಿ ಬರಬೇಕಿತ್ತು. ಈಜು ಕ್ಲಬ್ಬಿನ ಅಧ್ಯಕ್ಷ ಪ್ರಭಾಕರ ಶಾನಭಾಗರು ಅರ್ಧಕ್ಕೇ ತಿರುಗಿ, ಎಲ್ಲರಿಗಿಂತ ಮೊದಲು ದಡ ಮುಟ್ಟಿ ಟ್ರೋಫಿ ಕೇಳಿದರು.

"ನೀವು ಬಾವುಟ ಸುತ್ತಲಿಲ್ಲ, ಸಾಹೇಬ್ರೆ" ಎಂದಳು ದೋಣಿಯಲ್ಲಿ ಕಾವಲಿದ್ದ ತುಳಸಿ.

ಶಾನಭಾಗರು ಜಿಪಿಎಸ್ ವಾಚು ತೋರಿಸಿದರು. "ನೋಡು, ಪೂರ್ತಿ ಎರಡು ಕಿಲೋಮೀಟರ್. ಉಪಗ್ರಹದ ಲೆಕ್ಕ ಎಂದೂ ತಪ್ಪೋದಿಲ್ಲ. ಇನ್ನೊಮ್ಮೆ ಮಾತಾಡಿದರೆ ನಾಳೆಯಿಂದ ನಿನ್ನ ದೋಣಿ ಬೇಡ."

ತುಳಸಿ ವಾದ ಮಾಡಲಿಲ್ಲ. "ಹೋದ ದಾರಿನೂ ತೋರಿಸ್ತದಾ?" ಎಂದಳು.

ಅವರು ಹೆಮ್ಮೆಯಿಂದ ಮೊಬೈಲಿನಲ್ಲಿ ನಕ್ಷೆ ತೆರೆದುಕೊಟ್ಟರು. ಗೆರೆ ನದಿ ಬಿಟ್ಟು ದಡ ಹತ್ತಿ, ಅಂಗಡಿ ಸಾಲಿನಲ್ಲಿ ಅಡ್ಡಾಡಿ, ಮತ್ತೆ ನೀರಿಗಿಳಿದಿತ್ತು. ತುಳಸಿ ಅದನ್ನು ಪಕ್ಕದಲ್ಲಿದ್ದ ಅವರ ಹೆಂಡತಿ ಶ್ಯಾಮಲಾಬಾಯಿಯ ಕೈಗಿಟ್ಟಳು.

"ಬಾಯಾರೆ, ಸಾಹೇಬ್ರು ನಡುವೆ ಎಲ್ಲಿಗೆ ಹೋಗಿದ್ರು ಅಂತ ನೀವೇ ಓದಿ."

ಶ್ಯಾಮಲಾಬಾಯಿ ಕನ್ನಡಕ ಏರಿಸಿದರು. "ಬಾರ್ ಆ್ಯಂಡ್ ರೆಸ್ಟೋರೆಂಟ್" ಎಂದು ಓದಿ ಗಂಡನನ್ನೇ ನೋಡಿದರು. "ಕುಡಿಯೋದು ಬಿಟ್ಟಿದ್ದೇನೆ ಅಂದಿದ್ರಿ."

"ಅಯ್ಯೋ ಮಾರಾಯ್ತಿ, ಕೈ ನೀರಲ್ಲಿ ಮುಳುಗಿದಾಗ ವಾಚು ಏನೇನೋ ತೋರಿಸ್ತದೆ. ಅದನ್ನೆಲ್ಲ ನಂಬ್ತಾರಾ?" ಶಾನಭಾಗರ ದನಿ ದಡಕ್ಕೆಲ್ಲ ಕೇಳಿಸಿತು.

ತುಳಸಿ ಸಂಘಟಕರತ್ತ ತಿರುಗಿದಳು. "ಸಾಹೇಬ್ರೇ ಹೇಳಿದ್ರಲ್ಲ" ಎಂದಳು.

ಬಾವುಟ ಸುತ್ತಿ ಎರಡನೆಯವರಾಗಿ ದಡ ಮುಟ್ಟಿದ್ದ ಶಾಲೆಯ ಡ್ರಿಲ್ ಮೇಷ್ಟ್ರಿಗೆ ಟ್ರೋಫಿ ಹೋಯಿತು. ಮೊದಲು ಚಪ್ಪಾಳೆ ತಟ್ಟಿದವರು ಶ್ಯಾಮಲಾಬಾಯಿ.