ಹನ್ನೊಂದನೆಯ ಪೆಟ್ಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಬರೆದು ಅಭ್ಯಾಸವಿಲ್ಲ, ಇದೇ ಮೊದಲು. ನಗಬೇಕಾದ ಕಡೆ ನಿಮಗೆ ನಗು ಬರದಿದ್ದರೆ ತಪ್ಪು ನನ್ನದು, ಸೋವಣ್ಣನದಲ್ಲ. ಸೋವಣ್ಣ ಎಂದರೆ ಕೋಡಿಗಲ್ಲಿನ ಪಾಳೆಯಗಾರ ಬೊಮ್ಮನಾಯಕನ ಆಸ್ಥಾನದಲ್ಲಿದ್ದ ಜಾಣ. ಇದನ್ನು ಆಮೇಲೆ ಹೇಳಬೇಕಿತ್ತೇನೋ. ಇರಲಿ.

ಆಟದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಆಟದ ಹೆಸರು ಬುಟ್ಟಿಚೆಂಡು. ಬಯಲಿನ ಎರಡು ತುದಿಗೆ ಎರಡು ಕಂಬ, ಒಂದೊಂದರ ಮೇಲೂ ತಳವಿಲ್ಲದ ಒಂದು ಬುಟ್ಟಿ. ತಳ ಯಾಕಿಲ್ಲ ಎಂದರೆ, ಇದ್ದರೆ ಚೆಂಡು ಇಳಿಸಲು ಪ್ರತಿ ಸಲ ಏಣಿ ಹಾಕಬೇಕು. ಒಂದೊಂದು ಕಡೆಗೆ ಐದು ಜನ. ಒಂದು ಕಡೆಯವರ ಕೈಗೆ ಚೆಂಡು ಸಿಕ್ಕ ಕೂಡಲೇ ತಮಟೆಯವನು ಪೆಟ್ಟು ಶುರುಮಾಡುತ್ತಾನೆ. ಹನ್ನೆರಡನೆಯ ಪೆಟ್ಟಿನೊಳಗೆ ಬುಟ್ಟಿಗೆ ಎಸೆಯಲೇಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ.

ಆ ವರ್ಷವೂ ಕೋಡಿಗಲ್ಲಿನವರು ಹಾಲ್ಗೆರೆಯವರಿಗೆ ಸೋತರು. ಮಾರನೆಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ, ಆಟದ ಬಯಲಿನಿಂದ ಕಿತ್ತು ತಂದು ನೆಟ್ಟಿದ್ದ ಕೋಡಿಗಲ್ಲಿನವರ ಕಂಬದ ಪಕ್ಕದಲ್ಲಿ, ವಿಚಾರಣೆ ನಡೆಯಿತು. ಮಲ್ಲುಗ ಎಂಬ ಆಟಗಾರನನ್ನು ಕೈಕಟ್ಟಿ ನಿಲ್ಲಿಸಿದ್ದರು. ದೂರು ಹೇಳುತ್ತಿದ್ದವನು ತಂಡದ ನಾಯಕ ಚೌಡರಸ. ಅವನು ರಾಣಿಯ ತಮ್ಮ. ನಾಯಕನಾದದ್ದೂ ಅದಕ್ಕೇ, ಬೇರೆ ಕಾರಣ ನನಗೆ ಸಿಗಲಿಲ್ಲ.

"ಭಾವಾ, ಇವನು ಇಪ್ಪತ್ತು ಸಲ ಎಸೆದ, ಹದಿನೇಳು ಸಲ ತಪ್ಪಿದ. ನಾನು ಒಂದೇ ಒಂದು ತಪ್ಪಿಲ್ಲ. ಸೋಲಿಗೆ ಇವನೇ ಕಾರಣ!"

ನಾಯಕನ ಮೀಸೆ ಅದುರಿತು. (ಈ ನಾಯಕ ಬೊಮ್ಮನಾಯಕ, ತಂಡದ ನಾಯಕನಲ್ಲ. ಇನ್ನು ಮುಂದೆ ದೊರೆ ಎನ್ನುತ್ತೇನೆ.) ದೊರೆ ಅಬ್ಬರಿಸಿದ: "ಹೊತ್ತು ಮುಳುಗುವುದರೊಳಗೆ ಇವನು ಹೆಂಡತಿ ಮಕ್ಕಳ ಸಮೇತ ಗಡಿ ದಾಟಬೇಕು. ತಪ್ಪು ಇವನದಲ್ಲ ಅನ್ನುವ ಗಂಡು ಯಾರಾದರೂ ಇದ್ದಾನೇನು?"

"ಇದ್ದೇನೆ, ಮಹಾಪ್ರಭು" ಎಂದು ಸೋವಣ್ಣ ಎದ್ದ. "ತೋರಿಸಲಾಗದಿದ್ದರೆ ಮಲ್ಲುಗನ ಗಂಟುಮೂಟೆ ಹೊತ್ತು ನಾನೂ ಗಡಿ ದಾಟುತ್ತೇನೆ."

"ಹದಿನೇಳು ತಪ್ಪಿದ್ದಾನಯ್ಯಾ!"

"ಹೌದು. ಎಸೆತದಲ್ಲಿ ಇವನು ದಂಡಪಿಂಡ. ಅದರಲ್ಲಿ ಎರಡು ಮಾತಿಲ್ಲ."

ಮಲ್ಲುಗ ಕಣ್ಣರಳಿಸಿದ. ತನ್ನ ಪರವಾಗಿ ಮಾತಾಡುವವನು ಹೀಗೆ ಶುರುಮಾಡುತ್ತಾನೆಂದು ಅವನು ಅಂದುಕೊಂಡಿರಲಿಲ್ಲ.

"ಆದರೆ ಒಂದೂ ತಪ್ಪದ ವೀರರು ಇಲ್ಲಿರುವಾಗ ತಪ್ಪಿದವನ ಮಾತು ಮೊದಲು ಯಾಕೆ? ಮೊದಲು ಚೌಡರಸರಿಗೆ ಹಾರ ಹಾಕೋಣ. ಹಾರ ತರಿಸಿ, ಪ್ರಭು."

ಹಾರ ಬಂತು. ಚೌಡರಸ ಆಗಲೇ ಕತ್ತು ಬಗ್ಗಿಸಿದ.

"ಒಂದು ನಿಮಿಷ, ಸ್ವಾಮಿ. ನಿನ್ನೆ ತಾವು ಎಷ್ಟು ಸಲ ಎಸೆದಿರಿ?"

"ನಾನು ನಾಯಕ. ಆಟ ಆಡಿಸುವವನು."

"ಅಂದರೆ ಎಷ್ಟು?"

"ಸಮಯ ಬರಲಿಲ್ಲ."

"ಆಹಾ. ಹಾಲ್ಗೆರೆಯ ಆ ದಢೂತಿ ಚೆಂಡು ಹಿಡಿದು ನಮ್ಮ ಬುಟ್ಟಿಯ ಕಡೆಗೆ ನುಗ್ಗಿದನಲ್ಲ, ಆಗ ತಾವು ಅಡ್ಡ ನಿಂತಿರಾ?"

"ಪಕ್ಕಕ್ಕೆ ಸರಿದೆ. ಅಲ್ಲಿಂದ ಇಡೀ ಆಟ ಚೆನ್ನಾಗಿ ಕಾಣುತ್ತದೆ."

"ನಾನು ನೋಡಲು ಕೂತಿದ್ದೂ ಅಲ್ಲೇ, ಸ್ವಾಮಿ. ಕಡಲೇಕಾಯಿ ತಿನ್ನುತ್ತಾ. ತಮ್ಮ ಹಾಗೆ ನಾನೂ ಒಂದೂ ತಪ್ಪಲಿಲ್ಲ."

ಯಾರೋ ಕಿಸಕ್ಕೆಂದರು. ಚೌಡರಸ ಕೆಂಪಾದ. "ಭಾವಾ, ಈ ಬಾಯಿಬಡುಕನಿಗೆ ಎಸೆತ ಅಂದರೆ ಏನೆಂದು ತೋರಿಸಲೇ? ತನ್ನಿ ಚೆಂಡು!"

ಸೋವಣ್ಣನಿಗೆ ಬೇಕಾಗಿದ್ದೂ ಅದೇ. ಅವನು ತಮಟೆಯವನಿಗೆ ಸನ್ನೆ ಮಾಡಿದ. ಚೌಡರಸ ಕಂಬದಿಂದ ಆರು ಹೆಜ್ಜೆ ದೂರ ನಿಂತ. ಅಡ್ಡ ಯಾರೂ ಇಲ್ಲ. ಮಲ್ಲುಗ ಅವನ ಎಡಕ್ಕೆ, ಕೈಕಟ್ಟಿಸಿಕೊಂಡೇ ಇದ್ದ.

ಒಂದು, ಎರಡು, ಮೂರು. ಚೌಡರಸ ಚೆಂಡನ್ನು ಬೆರಳ ಮೇಲೆ ತಿರುಗಿಸಿದ. ಐದು, ಆರು. ಮೀಸೆ ತೀಡಿದ. ಎಂಟು. ಬುಟ್ಟಿಯ ಕಡೆ ನೋಡಿದ. ಒಂಬತ್ತು. ಬೆವರಿದ. ಹತ್ತು.

ಹನ್ನೊಂದನೆಯ ಪೆಟ್ಟು ಬಿತ್ತು. "ಹಿಡಿಯೋ ಮಲ್ಲುಗಾ!" ಎಂದು ಕೂಗಿ ಚೌಡರಸ ಚೆಂಡನ್ನು ಅವನತ್ತ ಎಸೆದುಬಿಟ್ಟ.

ಚೆಂಡು ಮಲ್ಲುಗನ ಎದೆಗೆ ಬಡಿದು ಕೆಳಗೆ ಬಿತ್ತು. ಕಟ್ಟಿದ ಕೈಯಲ್ಲಿ ಹಿಡಿಯಲಾಗುವುದಿಲ್ಲವಲ್ಲ. ಹನ್ನೆರಡನೆಯ ಪೆಟ್ಟೂ ಬಿತ್ತು.



"ಇದೇನು ಮೈದುನ?" ದೊರೆ ಕೇಳಿದ.

"ರೂಢಿ... ಕೈ ತಾನೇ ಹೋಯಿತು, ಭಾವಾ."

"ಲೋ ಮಲ್ಲುಗ, ನಿನ್ನೆಯೂ ಹೀಗೇನಾ?"

"ಇಪ್ಪತ್ತರಲ್ಲಿ ಹದಿನಾರು ಹೀಗೇ ಬಂದವು, ಬುದ್ಧಿ. ಎಲ್ಲಾ ಹನ್ನೊಂದನೇ ಪೆಟ್ಟಿಗೇ. ನಾನು ಬುಟ್ಟಿ ಎಲ್ಲಿದೆ ಅಂತ ನೋಡೋಷ್ಟರಲ್ಲಿ ಹನ್ನೆರಡು. ಇಟ್ಟುಕೊಂಡರೆ ಚೆಂಡು ಅವರಿಗೆ ಹೋಗುತ್ತೆ, ಎಸೆದರೆ ತಪ್ಪು ನನಗೆ ಬರುತ್ತೆ. ನಾನು ಎಸೆದೆ."

"ಮಿಕ್ಕ ನಾಲ್ಕು?"

"ಅವನ್ನು ಹಾಲ್ಗೆರೆಯವರ ಕೈಯಿಂದ ನಾನೇ ಕಿತ್ತುಕೊಂಡು ಬಂದೆ, ಬುದ್ಧಿ. ಅವುಗಳಲ್ಲಿ ಮೂರು ಬುಟ್ಟಿಗೆ ಬಿದ್ದವು. ಒಂದು ಮಾತ್ರ ನಿಜವಾಗಿಯೂ ನನ್ನ ತಪ್ಪೇ."

ದೊರೆ ತಾನೇ ಇಳಿದು ಬಂದು ಮಲ್ಲುಗನ ಕಟ್ಟು ಬಿಚ್ಚಿದ. ಆಮೇಲೆ ಹಾರವನ್ನು ಕೈಯಲ್ಲಿ ಹಿಡಿದು, ಮತ್ತೆ ಅರ್ಧ ಬಗ್ಗಿದ್ದ ಮೈದುನನ ಕತ್ತನ್ನು ಒಮ್ಮೆ ನೋಡಿದ.

"ಸೋವಣ್ಣಾ, ಒಂದೂ ತಪ್ಪದವನಿಗೆ ಹಾರ ಅಂತ ನೀನೇ ಹೇಳಿದೆ. ಈಗ ಇದನ್ನು ಯಾರಿಗೆ ಹಾಕಲಿ?"

"ಕಂಬಕ್ಕೆ ಹಾಕಿ, ಮಹಾಪ್ರಭು. ಅದೂ ಒಂದೂ ತಪ್ಪಿಲ್ಲ. ಮೇಲಾಗಿ ಹಾಲ್ಗೆರೆಯ ದಢೂತಿ ನುಗ್ಗಿ ಬಂದಾಗ ಕಂಬ ಪಕ್ಕಕ್ಕೆ ಸರಿಯಲಿಲ್ಲ!"

ದೊರೆ ನಕ್ಕ ನಗುವಿಗೆ ಅರಮನೆಯ ಪಾರಿವಾಳಗಳೆಲ್ಲ ಹಾರಿಹೋದವಂತೆ. ಹಾರ ಕಂಬಕ್ಕೆ ಬಿತ್ತು, ನಾಯಕತನ ಮಲ್ಲುಗನಿಗೆ ಬಂತು.

ಇಲ್ಲಿ ದೊರೆ ಯಾಕೆ ಅಷ್ಟು ನಕ್ಕ ಎನ್ನುವುದನ್ನು ಬಿಡಿಸಿ ಹೇಳಿಬಿಡುತ್ತೇನೆ, ಯಾರಿಗಾದರೂ ತಿಳಿಯದೆ ಹೋಗಬಹುದು. ಕಂಬಕ್ಕೆ ಕಾಲಿಲ್ಲ. ಕಾಲಿಲ್ಲದ್ದರಿಂದ ಅದು ಪಕ್ಕಕ್ಕೆ ಸರಿಯುವ ಪ್ರಶ್ನೆಯೇ ಇಲ್ಲ. ಚೌಡರಸನಿಗಾದರೋ ಎರಡು ಕಾಲಿದ್ದವು, ಅವನ್ನು ಅವನು ಉಪಯೋಗಿಸಿದ್ದು ಒಂದೇ ಕೆಲಸಕ್ಕೆ, ಅಂದರೆ ಸರಿಯುವುದಕ್ಕೆ, ಹಾಗಾಗಿ ಕಂಬಕ್ಕೂ ಅವನಿಗೂ ಇರುವ ವ್ಯತ್ಯಾಸ ಏನೆಂದರೆ, ಮೊದಲನೆಯದಾಗಿ... ಬಂದೆ ಅಕ್ಕಾ! ಹಾಲು ಉಕ್ಕಿತಾ? ಬಂದೆ, ಬಂದೆ...